ಮಡಿ ಉಡುವ ಮುಂಚೆ

ನರ್ಸುಗಳ ಹಾಸ್ಟೆಲ್, ಬೆಂಗಳೂರು
ಮಾರ್ಚ್ ೧೯೫೮

ಪೂಜ್ಯ ಅಜ್ಜಿಗೆ,

ಬೇಲೂರಿನ ಅಡಿಗೆಮನೆ ಹೊಸಿಲಾಚೆ ನಿಂತ ಹಾಗೇ, ವೇದವಲ್ಲಿ ದೂರದಿಂದ ಮಾಡುವ ನಮಸ್ಕಾರ.

ವಾರ್ಡಿನ ಪರೀಕ್ಷೆಯಲ್ಲಿ ಫೇಲಾದೆ. ಬರೆಯುವ ಪರೀಕ್ಷೆ ಪಾಸಾಗಿದೆ; ಅಪ್ಪನಿಗೆ ಅದನ್ನು ಮೊದಲು ಹೇಳಿ.

ನನಗೆ ಕೊಟ್ಟ ರೋಗಿ ನಿಮ್ಮ ಹಾಗೇ ಬಿಳಿ ಸೀರೆಯ ಸೆರಗನ್ನು ತಲೆತುಂಬ ಹೊದ್ದ ಅಜ್ಜಿ. ಮೈ ಒರೆಸಿ ಮಗ್ಗುಲು ಬದಲಾಯಿಸಬೇಕಿತ್ತು. ಬಿಸಿನೀರಿನ ಬೋಗುಣಿ ಹಿಡಿದು ಹೋದವಳು ಮಂಚದ ಹತ್ತಿರ ನಿಂತುಬಿಟ್ಟೆ. ‘ಮಡೀಲಿದ್ದೀನಿ, ದೂರ ನಿಲ್ಲೇ’ ಅಂತ ನೀವು ಕೂಗಿದ ಹಾಗಾಯಿತು. ಕೈ ಮುಂದೆ ಹೋಗಲೇ ಇಲ್ಲ. ಆಕೆಯೇ ‘ಬಾ ಮಗು’ ಅಂತ ಕೈ ಚಾಚುವಷ್ಟರಲ್ಲಿ ಪರೀಕ್ಷೆ ಮಾಡುತ್ತಿದ್ದ ಮೇಡಂ ಬೇರೆಯವಳನ್ನು ಕರೆದಾಗಿತ್ತು.

ಇನ್ನೊಂದು ಸಲ ಪರೀಕ್ಷೆಗೆ ಕೂರಬಹುದಂತೆ. ಕೂರಲೋ ಬೇಡವೋ ತಿಳಿಯುತ್ತಿಲ್ಲ.

ಶನಿವಾರ ಅರಸೀಕೆರೆಯಲ್ಲಿ ರೈಲಿಳಿದು ಬಸ್ಸಿಗೆ ಬರ್ತೀನಿ. ಮಾರನೇ ಬೆಳಿಗ್ಗೆ, ನೀವು ಸ್ನಾನಕ್ಕೆ ಹೋಗುವ ಮುಂಚೆ, ಬಿಸಿನೀರಲ್ಲಿ ಬಟ್ಟೆ ಅದ್ದಿ ನಿಮ್ಮ ಬೆನ್ನು ಒರೆಸಲು ಬಿಡ್ತೀರಾ? ಆಮೇಲೆ ಹೇಗೂ ಸ್ನಾನ ಮಾಡಿ ಮಡಿ ಉಡ್ತೀರಲ್ಲ. ನೀವು ಬಿಟ್ಟರೆ ಪರೀಕ್ಷೆಗೂ ಕೂರ್ತೀನಿ.

ಕೂಸಾಗಿದ್ದಾಗ ನನ್ನನ್ನು ಎತ್ತಿಕೊಂಡೇ ಓಡಾಡುತ್ತಿದ್ದಿರಂತೆ. ನಿಮ್ಮ ಕೈಗೆ ಅದು ನೆನಪಿರಬಹುದು. ನನ್ನ ಕೈಗಿಲ್ಲ, ಅಜ್ಜಿ.

ಈ ಸಲ ಹತ್ತಿರ ಬಂದು ನಮಸ್ಕರಿಸಬೇಕೆಂದಿರುವ,
ವೇದ