ಅಮ್ಮ ಕೋಟು ಕೊಡವಿದ್ದು

ಮಾರ್ಚ್ ೯, ಭಾನುವಾರ

ನನ್ನ ಜಗಳಗಂಟಿ ಮಗಳಿಗೆ,

ನಾವಿಬ್ಬರೂ ಇದ್ದೇವೆ. ನೀವೆಲ್ಲ ಹೇಗಿದ್ದೀರಿ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈ. ಕಂಪನಿ ಮೇಲಿನ ಕೇಸಿನ ತೀರ್ಪು ಬರಲಿ, ಗೆದ್ದ ಸುದ್ದಿಯನ್ನೇ ಬರೆಯೋಣ ಎಂದು ಕಾದೆ. ಗೆದ್ದೆವು ಮಗಳೇ! ಗೆದ್ದೆವು ಅಂದರೆ ನಿಮ್ಮಮ್ಮ ಗೆದ್ದಳು, ನಾನು ಬರೀ ಜೊತೆಗೆ ಹೋದವನು.

ಅವಳ ಕಾಯಿಲೆಯ ಹೆಸರು ಮೆಸೊಥೀಲಿಯೋಮ ಎಂದು ನಿನಗೆ ಗೊತ್ತು. ನನ್ನ ನಾಲಿಗೆ ಅದಕ್ಕೆ ಈಗಲೂ ಹೊರಳುವುದಿಲ್ಲ. ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್ ಎಂದು ಡಾಕ್ಟರು ಬಿಡಿಸಿ ಹೇಳಿದರು. "ಆಸ್ಬೆಸ್ಟಾಸ್ ದೂಳು ಒಳಗೆ ಹೋದ್ರೆ ಮೂವತ್ತು ನಲವತ್ತು ವರ್ಷ ಸುಮ್ನಿದ್ದು ಆಮೇಲೆ ತಲೆ ಎತ್ತುತ್ತೆ" ಅಂದರು. ಕಾರ್ಖಾನೆಯಲ್ಲಿ ಶೀಟು ಕೊಯ್ದವನು ನಾನು, ಕಾಯಿಲೆ ಅವಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಒಂದು ದಿನವೂ ನಮ್ಮಲ್ಲಿ ದುಡಿಯದವರ ಕಾಯಿಲೆಗೆ ನಾವು ಹೊಣೆಯಲ್ಲ ಎಂದು ಕಂಪನಿಯವರು ಪಟ್ಟು ಹಿಡಿದಿದ್ದರು.

ಹೋದ ತಿಂಗಳು ವಿಚಾರಣೆಯಲ್ಲಿ ಅವರ ವಕೀಲರು ಅದನ್ನೇ ಎತ್ತಿದರು. ನಿಮ್ಮಮ್ಮ ನನ್ನ ಕಡೆ ತಿರುಗಿ, "ರೀ, ಆ ಕೋಟು ಬಿಚ್ಚಿ ಕೊಡಿ" ಅಂದಳು. ನಿನ್ನ ಮದುವೆಗೆ ಹೊಲಿಸಿದ ಕೋಟು! ಅಷ್ಟು ಜನರ ಮುಂದೆ ಬಿಚ್ಚಿಕೊಟ್ಟೆ. ಅವಳ ಮಾತಿಗೆ ನಾನು ಯಾವತ್ತು ಎದುರಾಡಿದ್ದೇನೆ?

"ಇವ್ರ ಕೆಲ್ಸ ಮುಗಿದ್ಮೇಲೆ ನನ್ನ ಪಾಳಿ ಶುರು ಸ್ವಾಮಿ. ದಿನಾ ಒಗೆಯೋಕೆ ಮುಂಚೆ ಬಟ್ಟೆನ ಹೀಗೆ ಕೊಡವ್ತಿದ್ದೆ" ಎಂದು ಎರಡೂ ಕೈಯಲ್ಲಿ ಹಿಡಿದು ಫಟ್ ಎಂದು ಕೊಡವಿದಳು. ಇಸ್ತ್ರಿ ಮಾಡಿದ ಕೋಟು, ಒಂದು ಕಣ ದೂಳಿರಲಿಲ್ಲ. ಆದರೂ ಮುಂದಿನ ಸಾಲಿನವರೆಲ್ಲ ಮೂಗು ಮುಚ್ಚಿಕೊಂಡರು. ವಕೀಲರೂ ಮುಚ್ಚಿಕೊಂಡರು. ವಿಚಾರಣೆಯ ಅಧಿಕಾರಿ, "ಕೂತ್ಕೊಳ್ಳಿ ಅಮ್ಮ, ಉಸಿರು ಕಟ್ತಿದೆ ನಿಮ್ಗೆ" ಅಂದರು. ಕೇಳುತ್ತಾಳೆಯೇ? ಕೋಟನ್ನು ನೀಟಾಗಿ ಮಡಚಿ ನನ್ನ ಕೈಗಿಟ್ಟ ಮೇಲೆಯೇ ಕೂತಿದ್ದು.

ಮೊನ್ನೆ ತೀರ್ಪು ಬಂತು. ಇದು ಕಾರ್ಖಾನೆಯ ದೂಳಿನಿಂದಲೇ ಬಂದ ಕಾಯಿಲೆಯಂತೆ. ಇನ್ನು ಮೇಲೆ ಕೆಲಸಗಾರರ ಮನೆಯವರಿಗೂ ಕಂಪನಿಯೇ ತಪಾಸಣೆ ಮಾಡಿಸಬೇಕಂತೆ. ನನ್ನ ಜೊತೆಗಾರರ ಹೆಂಡತಿಯರು ಸಂಜೆಯೇ ಮನೆ ತುಂಬ ಬಂದು ಕೂತರು. "ಇಷ್ಟು ವರ್ಷದಲ್ಲಿ ನಮ್ಮನ್ನ ಕೇಳಿದವರೇ ಇರ್ಲಿಲ್ಲ ಅಕ್ಕ" ಅಂದರು ಅವಳ ಕೈ ಹಿಡಿದು. ಇಂಥವಳ ಗಂಡ ನಾನು ಎಂದು ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಇವತ್ತು ಬೀದಿಯಲ್ಲಿ ಎದೆಯುಬ್ಬಿಸಿ ನಡೆದೆ. "ಗಾಳಿ ತುಂಬಿದ ಬಲೂನಿನ ಹಾಗೆ ನಡೀಬೇಡಿ" ಎಂದು ಬೈಸಿಕೊಂಡೂ ಆಯಿತು.

ಅಳಿಯಂದಿರಿಗೆ, ಮೊಮ್ಮಕ್ಕಳಿಗೆ ನಮ್ಮಿಬ್ಬರ ಆಶೀರ್ವಾದ. ನೂರ್ಕಾಲ ಗಟ್ಟಿಮುಟ್ಟಾಗಿರಿ.

ನಿನ್ನ ಅಪ್ಪ

ವಿ.ಸೂ.: ಕೋಟು ಕೊಡವಿದ ದಿನ ಅಧಿಕಾರಿ, "ಆಗ ಮನೇಲಿ ಇನ್ಯಾರಿದ್ರು?" ಎಂದೂ ಕೇಳಿದರು. "ಯಾರೂ ಇಲ್ಲ, ನಾನೊಬ್ಳೇ" ಅಂದುಬಿಟ್ಟಳು. ಹೊರಗೆ ಬಂದ ಮೇಲೆ ಯಾಕೆ ಹಾಗಂದೆ ಎಂದು ಕೇಳಿದೆ. "ನನ್ನ ಮಗಳ ಹೆಸರು ಈ ಕಾಯಿಲೆ ಜೊತೆ ಬರೋದು ಬೇಡ" ಎಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಕಾಯಿಲೆ ಗೊತ್ತಾದ ದಿನವೂ ಅವಳು ಅತ್ತಿರಲಿಲ್ಲ. ಇಷ್ಟು ದಿನ ತಡೆದುಕೊಂಡೆ, ಇನ್ನು ನನ್ನಿಂದಾಗದು. ಚಿಕ್ಕವಳಿದ್ದಾಗ, ಕಾರ್ಖಾನೆಯಿಂದ ಬಂದ ನಾನು ಅಂಗಿ ಬಿಚ್ಚುವ ಮೊದಲೇ ನೀನು ಓಡಿಬಂದು ನನ್ನ ಕೊರಳಿಗೆ ಜೋತುಬೀಳುತ್ತಿದ್ದೆ ಮಗಳೇ. ನಾಳೆಯೇ ಹೋಗಿ ಎದೆ ಪರೀಕ್ಷೆ ಮಾಡಿಸಿಕೋ. ಅಮ್ಮನಿಗೆ ತಿಳಿಯಬಾರದು.