ಬಳೆ ಬೀದಿಯ ಮೊದಲ ಭಾನುವಾರ

ಶಾಹೀದಾ,

ನಿನ್ನೆ ಕೋಲಾರದ ನಮ್ಮ ಬಳೆ ಬೀದಿಯಲ್ಲಿ ಗಾಡಿಗಳನ್ನೆಲ್ಲ ತಡೆದು ಭಾನುವಾರದ ಸಂತೆ ಮಾಡಿದೆವು ಕಣೇ, ಮೂರು ವರ್ಷದ ಹಿಂದೆ ನೀನು ಹೇಳಿದ್ದ ಹಾಗೆಯೇ. ಹೊಸ ಮಾಲ್ ಬಂದ ಮೇಲೆ ಮುಚ್ಚಿದ್ದ ಅಂಗಡಿಗಳೂ ಬಾಗಿಲು ತೆರೆದವು. ಹೋಳೂರು, ವಕ್ಕಲೇರಿಯ ಹೆಂಗಸರು ಆಟೊ ತುಂಬ ಬಂದಿಳಿದರು. ನಮ್ಮತ್ತೆ "ಚೆಯ್ಯಿ ಇವ್ವಮ್ಮಾ" ಎಂದು ತೆಲುಗಿನಲ್ಲೇ ಕೈ ಕೇಳಿ ಹಿಡಿದು ಬಳೆ ತೊಡಿಸಿದರು. ಎದುರುಮನೆ ಮುಮ್ತಾಜ್ ಸಮೋಸ ಕರಿಯುತ್ತಾ ಉರ್ದುವಿನಲ್ಲಿ ಅತ್ತೆಯನ್ನು ಛೇಡಿಸುತ್ತಿದ್ದಳು. ಸಂಜೆ ಐದಕ್ಕೆಲ್ಲ ನಮ್ಮ ಗಾಜಿನ ಬಳೆ ಪೂರಾ ಖಾಲಿ! ಅತ್ತೆ ಖಾಲಿ ಪೆಟ್ಟಿಗೆ ಎತ್ತಿ ತೋರಿಸಿ ನಕ್ಕಿದ್ದನ್ನು ನೀನು ನೋಡಬೇಕಿತ್ತು.

ಕಾಲೇಜು ಹುಡುಗಿಯೊಬ್ಬಳು ಕೇಳಿದಳು: "ಇದು ಯಾರ ಐಡಿಯಾ ಆಂಟಿ?"

"ಶಾಹೀದಾಂದು ಕಣಮ್ಮ. ಇಲ್ಲೇ ಟೈಲರ್ ಅಂಗಡಿ ಇಟ್ಟಿದ್ಲು."

"ಆಗ್ಲೇ ಯಾಕೆ ಮಾಡ್ಲಿಲ್ಲ?"

"ಬೀದಿಯವರು ಒಪ್ಲಿಲ್ಲ" ಎಂದೆ. ನೀನು ಈ ಮಾತೆತ್ತಿದ ಅಂದಿನ ಬೀದಿ ಸಭೆಯಲ್ಲಿ ಮೊದಲು ನಕ್ಕವಳು ಯಾರೆಂದು ಹೇಳಲಿಲ್ಲ. ನೀನು ಸಾಮಾನು ಕಟ್ಟಿಕೊಂಡು ಮುಳಬಾಗಿಲಿಗೆ ಹೊರಟ ದಿನ ಅವಳು ಬಾಗಿಲಿಗೂ ಬಂದಿರಲಿಲ್ಲ. ಈಗ ಬರೆಯುತ್ತಿರುವ ಈ ಕಾಗದವನ್ನು ಅಂಚೆಗೆ ಹಾಕುವ ಧೈರ್ಯವೂ ಅವಳಿಗಿಲ್ಲ.

ಮುಂದಿನ ವಾರದ ಸಂತೆಗೆ ಜಾಗ ಹಂಚುವಾಗ ನಿನ್ನ ಅಂಗಡಿಯ ಮುಂದಿನ ಜಾಗಕ್ಕೆ ನಾಲ್ಕು ಜನ ಜಗಳಕ್ಕೇ ಬಿದ್ದರು. ನಾನು ಯಾರಿಗೂ ಕೊಡಲಿಲ್ಲ.

ನಿನ್ನ ಪದ್ಮಾ