ವೀರನಹೊಸಹಳ್ಳಿಯ ನೊಣಗಳು ಸತ್ತ ಬಗೆ

ಮಾನ್ಯ ಕುಲಸಚಿವರೇ,

ತಳಿವಿಜ್ಞಾನ ವಿಭಾಗದ ಸಂಶೋಧನಾ ಸಾಧನೆಗಳನ್ನು ವಿಶ್ವವಿದ್ಯಾನಿಲಯದ ವಾರ್ತಾಪತ್ರದಲ್ಲಿ ಓದಿದೆ. ಹಣ್ಣುನೊಣಗಳ ಹದಿನೇಳು ತಳಿಗಳನ್ನು ಜೀವಂತವಾಗಿ ಕಾಪಾಡಿಕೊಂಡು ಬಂದಿದ್ದೀರಂತೆ. ಅವುಗಳಲ್ಲಿ ಒಂದೂ ಬದುಕಿಲ್ಲ. ಬೂಷ್ಟು ಹಿಡಿದ ಬಾಟಲಿ ತೊಳೆಯುವುದಕ್ಕೆಂದೇ ಎರಡು ದಿನ ನನ್ನನ್ನು ಒಳಗೆ ಬಿಟ್ಟಿದ್ದಿರಲ್ಲ, ನೆನಪಿದೆಯೇ?

ಹತ್ತೊಂಬತ್ತು ವರ್ಷ ನಾನು ಅಲ್ಲಿ ಗುತ್ತಿಗೆ ಸಹಾಯಕ. ರವೆ, ಬೆಲ್ಲ ಬೇಯಿಸಿ ನೊಣಗಳಿಗೆ ಆಹಾರ ಮಾಡುತ್ತಿದ್ದೆ. ಇಪ್ಪತ್ತು ದಿನಕ್ಕೊಮ್ಮೆ ಅವನ್ನು ಹೊಸ ಬಾಟಲಿಗೆ ದಾಟಿಸುತ್ತಿದ್ದೆ. ದಾಟಿಸದಿದ್ದರೆ ತಳಿಯೇ ಅಳಿಯುತ್ತದೆ. ಅವುಗಳಲ್ಲಿ ಒಂದು ತಳಿ ವೀರನಹೊಸಹಳ್ಳಿಯ ಕಾಡಂಚಿನಲ್ಲಿ ಕೊಳೆತ ಬಾಳೆಹಣ್ಣು ಕಟ್ಟಿ ಹಿಡಿದದ್ದು, ಇಪ್ಪತ್ತೆರಡು ವರ್ಷದ ಹಿಂದೆ. ಬಾಟಲಿಯಲ್ಲೇ ನಾನೂರು ತಲೆಮಾರು ಕಳೆದ ಕಾಡುನೊಣ ಹೇಗೆ ಬದಲಾಗುತ್ತದೆ ಎಂಬುದರ ಮೇಲೆ ಪಿರಿಯಾಪಟ್ಟಣದ ಶೃತಿ ಐದು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದರು.

ಏಪ್ರಿಲ್‌ನಲ್ಲಿ ಅವರ ತಾಯಿಗೆ ಶಸ್ತ್ರಚಿಕಿತ್ಸೆಯಾಯಿತು. "ನೀವಿದ್ದೀರಲ್ಲ ಪ್ರಭಣ್ಣ, ನಂಗೆ ಯೋಚ್ನೆ ಇಲ್ಲ" ಎಂದು ಹೇಳಿ ಊರಿಗೆ ಹೋದರು. ವಾರದಲ್ಲೇ ನನ್ನ ಗುತ್ತಿಗೆ ಮುಗಿಯಿತು. ನವೀಕರಣದ ಕಡತ ನಿಮ್ಮ ಮೇಜಿನ ಮೇಲಿತ್ತು. ಆಸ್ಪತ್ರೆಯಲ್ಲಿರುವವರಿಗೆ ಯಾಕೆ ಹೇಳುವುದು, ನಾಳೆ ಸಹಿಯಾಗುತ್ತದೆ ಎಂದು ಸುಮ್ಮನಿದ್ದೆ. ಅದು ನನ್ನ ತಪ್ಪು. ವಿಭಾಗಕ್ಕೆ ಉಳಿದಿದ್ದ ಒಬ್ಬರೇ ಕಾಯಂ ಪ್ರಾಧ್ಯಾಪಕರು ಇದೇ ತಳಿಗಳ ಬಗ್ಗೆ ಭಾಷಣ ಮಾಡಲು ವಿದೇಶಕ್ಕೆ ಹೋಗಿದ್ದರು.

ಹುಣಸೂರಿನಿಂದ ಹನ್ನೊಂದು ದಿನ ಬಸ್ಸು ಹತ್ತಿ ಬಂದು ಗೇಟಿನಲ್ಲಿ ನಿಂತೆ. ಕಾವಲಿನ ಮಹೇಂದ್ರ ತಲೆ ತಗ್ಗಿಸಿದ. "ಕಾರ್ಡಿಲ್ದೆ ಬುಟ್ರೆ ನನ್ ಕೆಲ್ಸ ವೋಯ್ತದೆ ಕಣಣ್ಣ. ನೊಣ ತಾನೇ, ಇನ್ನೊಂದ್ ಬತ್ತದೆ ಬುಡು."

"ಇವು ಬರಾಕಿಲ್ಲ ಕಣಪ್ಪ" ಎಂದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಕಚೇರಿ ಅರ್ಜಿ ಕೊಡಿ ಎಂದಿತು. ಮೂರು ಕೊಟ್ಟೆ. ಹಸಿದ ನೊಣ ಅರ್ಜಿ ವಿಲೇವಾರಿಯಾಗುವವರೆಗೂ ಕಾಯಬೇಕೆಂಬ ನಿಯಮ ಯಾವ ಸುತ್ತೋಲೆಯಲ್ಲಿದೆ?

ಶೃತಿ ಬಂದಾಗ ಜೂನ್. ಬಾಟಲಿ ತೊಳೆಯಲು ನನ್ನನ್ನು ಒಳಗೆ ಬಿಟ್ಟದ್ದೂ ಆಗಲೇ. ಬಾಟಲಿಯ ಬಾಯಿಗೆ ತುರುಕಿದ್ದ ಹತ್ತಿ ತೆಗೆದು ಬಹಳ ಹೊತ್ತು ನೋಡಿದರು. "ಒಂದ್ ಮೊಟ್ಟೆನಾದ್ರೂ ಉಳ್ದಿರ್ಬೋದಾ ಪ್ರಭಣ್ಣ?" ಎಂದರು. ನಾನು ಬಾಟಲಿ ತೊಳೆದ ಆ ಎರಡು ದಿನವೂ ಅವರು ಸೂಕ್ಷ್ಮದರ್ಶಕದ ಮುಂದಿನಿಂದ ಏಳಲಿಲ್ಲ. ಏನೂ ಸಿಗಲಿಲ್ಲ.

ಆಮೇಲೆ ನೀವು ಚುರುಕಾದಿರಿ. ನಿರ್ಲಕ್ಷ್ಯಕ್ಕೆ ಕಾರಣ ಕೇಳಿ ಶೃತಿಗೇ ನೋಟಿಸು ಕಳಿಸಿದಿರಿ. ಹೊಸದಾಗಿ ನೊಣ ಹಿಡಿಯಬಹುದಲ್ಲ ಎಂದೂ ಅದರಲ್ಲಿ ಬರೆದಿರಿ. ಹಿಡಿಯಬಹುದು ಸ್ವಾಮಿ. ಇಪ್ಪತ್ತೆರಡು ವರ್ಷವನ್ನು ಯಾವ ಬಾಳೆಹಣ್ಣು ಕಟ್ಟಿ ಹಿಡಿಯೋಣ? ಶೃತಿ ಈಗ ಊರಿನ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾರೆ. ಫೋನು ಮಾಡಿದರೆ ತಾಯಿಯ ಆರೋಗ್ಯದ ಮಾತಷ್ಟೇ ಆಡುತ್ತಾರೆ.

ನನಗೆ ಕೆಲಸ ಬೇಡ. ಆ ನೋಟಿಸನ್ನು ಹಿಂಪಡೆಯಿರಿ. ಆಹಾರ ಹಾಕುವವನನ್ನು ಗೇಟಿನಲ್ಲಿ ತಡೆದದ್ದರಿಂದ ತಳಿ ಅಳಿಯಿತು ಎಂದು ಒಂದು ಸಾಲು ಬರೆದು ಅವರಿಗೆ ಕಳಿಸಿ. ವಿಷಯ ಮುಚ್ಚಿಟ್ಟವನೆಂದು ನನ್ನ ಹೆಸರನ್ನೂ ಸೇರಿಸಿ. ನೀವು ಬರೆಯುವುದಿಲ್ಲವೆಂದು ಗೊತ್ತು, ಕೇಳದೆ ಇರಲಾಗಲಿಲ್ಲ.

ಇಂತಿ,
ಕೊನೆಯವರೆಗೂ ಹಂಗಾಮಿಯಾಗಿಯೇ ಉಳಿದ
ಪ್ರಭುಸ್ವಾಮಿ, ಹುಣಸೂರು